ಕೋಚ್‌ಗೂ ಒಂದು ಗೆರೆ

ಪ್ರಶ್ನೆ: ನಾನು ಸಿದ್ದಾಪುರ ತಾಲೂಕಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಕಳೆದ ಆಗಸ್ಟ್‌ನಲ್ಲಿ ಶಿರಸಿಯಲ್ಲಿ 14 ವರ್ಷದೊಳಗಿನ ಬಾಲಕಿಯರ ಕಬಡ್ಡಿಗೆ ಅಂಪೈರ್ ಆಗಿದ್ದೆ. ಕೊನೆಯ ಎರಡು ನಿಮಿಷ ಉಳಿದಿತ್ತು, ಒಂದೇ ಅಂಕದ ಅಂತರ. ದಾಳಿಗೆ ಹೋದ ರೈಡರ್ ಹುಡುಗಿ ಎದುರಾಳಿಯನ್ನು ಮುಟ್ಟುವ ಮೊದಲೇ ಲಾಬಿಗೆ, ಅಂದರೆ ಅಂಕಣದ ಬದಿಯ ಪಟ್ಟಿಗೆ, ಕಾಲಿಟ್ಟಳೆಂದು ಔಟ್ ಕೊಟ್ಟೆ. ಅವಳ ಕೋಚ್ ಅಂಕಣದೊಳಗೆ ನುಗ್ಗಿದರು. ಅವರು ಹೈಸ್ಕೂಲಿನಲ್ಲಿ ನನಗೇ ಕಬಡ್ಡಿ ಕಲಿಸಿದವರು. ‘ನಿನಗೆ ಗೆರೆ ಕಾಣಿಸುತ್ತದೆಯೇ, ಯಾರು ನಿನ್ನನ್ನು ಅಂಪೈರ್ ಮಾಡಿದ್ದು’ ಎಂದು ಎಲ್ಲರೆದುರು ಕೂಗಿದರು. ಪಾಲಕರೊಬ್ಬರು ಮೊಬೈಲಿನ ವಿಡಿಯೊ ತೋರಿಸಲು ಬಂದರು. ನಾನು ಗಲಿಬಿಲಿಗೊಂಡು ಇನ್ನೊಬ್ಬ ಅಂಪೈರನ್ನು ಕೇಳಿದೆ. ಅವರು ತಾವು ನೋಡಲಿಲ್ಲ ಎಂದರು. ಕೋಚ್ ತಂಡವನ್ನು ಹೊರಗೆ ಕರೆದರು. ಸಂಘಟಕರು ಸಮಾಧಾನ ಮಾಡಿ ಆಟ ಮುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಆ ತಂಡ ಸೋತಿತು. ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ವಿಡಿಯೊ ನೋಡಿದರೆ, ಕೈ ತಾಗಿದ್ದೇ ಮೊದಲಿರಬೇಕು ಅನ್ನಿಸುತ್ತದೆ. ನಾನು ಕಾರ್ಡ್ ತೋರಿಸಬೇಕಿತ್ತೇ? ತೀರ್ಪು ಬದಲಿಸಬೇಕಿತ್ತೇ? ಈ ವರ್ಷ ಅಂಪೈರಿಂಗ್ ಬೇಡವೆಂದು ಬರೆದುಕೊಡುವ ಮನಸ್ಸಾಗಿದೆ.

ಉತ್ತರ: ಬರೆದುಕೊಡಬೇಡಿ. ಯಾಕೆಂದು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ನಾನೇ ನಿಮಗೊಂದು ಪ್ರಶ್ನೆ ಕೇಳುತ್ತೇನೆ. ಅಂದು ಅಂಕಣದ ಬದಿಯಲ್ಲಿ ಕೋಚ್ ನಿಲ್ಲಬೇಕಾದ ಜಾಗ ಇದು ಎಂದು ಯಾರಾದರೂ ಗುರುತು ಹಾಕಿದ್ದರೇ? ಹಾಕಿರಲಾರರು. ಕುಮಟಾ, ಹೊನ್ನಾವರ, ಅಂಕೋಲಾ, ಶಿರಸಿ ಎಂದು ಮೂವತ್ತೊಂದು ವರ್ಷ ಸೀಟಿ ಊದುತ್ತಾ ತಿರುಗಿದವನು ನಾನು. ಶಾಲಾ ಪಂದ್ಯಗಳಲ್ಲಿ ಅಂಥ ಗುರುತು ಕಂಡದ್ದು ಬೆರಳೆಣಿಕೆಯಷ್ಟು ಸಲ. ಮಕ್ಕಳಿಗೆ ಸುತ್ತಲೂ ಗೆರೆ, ಕೋಚ್‌ಗೆ ಎಲ್ಲಿಯೂ ಇಲ್ಲ. ಅವರು ಹಿಂದಿನ ಗೆರೆಯ ಆಚೆ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಆಟಕ್ಕೆ ಬಿಸಿ ಏರಿದಂತೆ ಕೂತಲ್ಲಿಂದಲೇ ಜರುಗುತ್ತಾ ಜರುಗುತ್ತಾ ಲಾಬಿಯ ಪಕ್ಕಕ್ಕೆ ಬಂದುಬಿಡುತ್ತಾರೆ. ನಿಮ್ಮ ಗುರುಗಳು ‘ನುಗ್ಗಿದರು’ ಎಂದು ಬರೆದಿದ್ದೀರಿ. ನನ್ನ ಅಂದಾಜಿನಲ್ಲಿ ಅವರು ಅದಾಗಲೇ ಮುಕ್ಕಾಲು ಪಾಲು ಒಳಗಿದ್ದರು. ಕೊನೆಯ ಎರಡು ಹೆಜ್ಜೆ ಮಾತ್ರ ನಿಮ್ಮ ಕಣ್ಣಿಗೆ ಬಿದ್ದವು.

ದೊಡ್ಡ ಆಟಗಳ ನಿಯಮ ಬರೆದವರಿಗೆ ಈ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿತ್ತು. ವಾಲಿಬಾಲ್‌ನಲ್ಲಿ ಕೋಚ್ ಎದ್ದು ನಿಂತು ಸೂಚನೆ ಕೊಡಬಹುದು, ಆದರೆ ತನ್ನ ಬೆಂಚಿನ ಮುಂದೆ ಗೊತ್ತುಮಾಡಿದ ಜಾಗದಲ್ಲಿ, ಆಟಕ್ಕೆ ಅಡ್ಡಿಯಾಗದಂತೆ. ಫುಟ್‌ಬಾಲ್‌ನಲ್ಲಿ ಬೆಂಚಿನ ಎರಡು ಬದಿಗೂ ಒಂದೊಂದು ಮೀಟರ್, ಮುಂದಕ್ಕೆ ಮೈದಾನದ ಗೆರೆಗೆ ಒಂದು ಮೀಟರ್ ಇರುವವರೆಗೆ. ಅಷ್ಟೇ ಅವರ ರಾಜ್ಯ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ‘ರೆಸ್ಪೆಕ್ಟ್’ ಎಂಬ ಕಾರ್ಯಕ್ರಮ ಶುರುಮಾಡಿದಾಗ, ಉಪದೇಶದ ಜೊತೆಗೆ ಮಕ್ಕಳ ಪಂದ್ಯಗಳಲ್ಲಿ ಪಾಲಕರನ್ನು ಗೆರೆಯಿಂದ ಹಿಂದೆ ನಿಲ್ಲಿಸಲು ಅಡ್ಡಪಟ್ಟಿಯನ್ನೂ ಕಟ್ಟಿಸಿತು. ನಮ್ಮಲ್ಲಿ ಉಪದೇಶಕ್ಕೆ ಕೊರತೆಯಿಲ್ಲ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಏಳು ಜನ ಸೋಲು-ಗೆಲುವು ಸಮಾನವೆಂದು ಹೇಳಿ ಹೋಗುತ್ತಾರೆ. ತೆಂಗಿನ ನಾರಿನ ಹಗ್ಗ ಊರು ತುಂಬ ಸಿಗುವ ಜಿಲ್ಲೆಯಲ್ಲಿ ಅಂಕಣದ ಸುತ್ತ ನಾಲ್ಕು ಗೂಟ ಹೊಡೆದು ಅದನ್ನು ಕಟ್ಟುವವರು ಮಾತ್ರ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕೋಚ್‌ಗೆ ಸಿಟ್ಟು ಬರುವುದು ನಿಮ್ಮ ಕೈಯಲ್ಲಿಲ್ಲ. ಆ ಸಿಟ್ಟು ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ, ಯಾರ ಮೂಲಕ ಮಾತಾಗಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಮಿಕ್ಕ ಉಪಾಯಗಳೆಲ್ಲ ಇದರಿಂದ ಹುಟ್ಟುವಂಥವು.

ಸಣ್ಣ ಕೆಲಸದಿಂದ ಶುರುಮಾಡೋಣ. ಅಂಕಣ ಹಾಕಿದ ಮೇಲೆ ಬುಟ್ಟಿಯಲ್ಲಿ ಉಳಿದ ಸುಣ್ಣದಲ್ಲಿ, ಪಕ್ಕದ ಗೆರೆಯಿಂದ ಎರಡು ದೊಡ್ಡ ಹೆಜ್ಜೆ ಆಚೆಗೆ, ಸ್ಕೋರರ್ ಮೇಜಿನ ಎಡಕ್ಕೊಂದು ಬಲಕ್ಕೊಂದು ಗೆರೆ ಎಳೆಯಿರಿ. ಪಂದ್ಯಕ್ಕೆ ಐದು ನಿಮಿಷ ಮೊದಲು ಇಬ್ಬರು ಕೋಚ್‌ಗಳನ್ನೂ ಕರೆದು, ನಗುತ್ತಲೇ, ‘ಸರ್, ಇದು ತಮ್ಮ ಜಾಗ’ ಎನ್ನಿ. ಯಾರೂ ಬೇಡವೆನ್ನುವುದಿಲ್ಲ, ಯಾಕೆಂದರೆ ಆಗ ಯಾರಿಗೂ ಸಿಟ್ಟು ಬಂದಿರುವುದಿಲ್ಲ. ಆಮೇಲೆ ಅವರು ಆ ಗೆರೆ ದಾಟಿದಾಗ ನೀವು ಹೇಳಬೇಕಾದದ್ದು ಸಿಟ್ಟಿನ ವಿಷಯವಲ್ಲ, ಗೆರೆಯ ವಿಷಯ. ‘ಕೂಗಬೇಡಿ’ ಎಂದರೆ ಮನುಷ್ಯ ಇನ್ನಷ್ಟು ಕೂಗುತ್ತಾನೆ. ‘ಸರ್, ಗೆರೆ’ ಎಂದು ಕೈ ತೋರಿಸಿದರೆ ಕಾಲ ಕೆಳಗೆ ನೋಡಿಕೊಳ್ಳುತ್ತಾನೆ. ನೋಡಿಕೊಂಡ ಕ್ಷಣ ಸಿಟ್ಟಿನ ಲಯ ಸ್ವಲ್ಪ ತಪ್ಪುತ್ತದೆ. ಇದನ್ನು ನಾನು ಓದಿ ಕಲಿತದ್ದಲ್ಲ, ಎಷ್ಟೋ ಸಲ ಮಾಡಿ ನೋಡಿದ್ದು.

ಅದೇ ಐದು ನಿಮಿಷದಲ್ಲಿ ಅಂಕಣದ ಗೆರೆಗಳನ್ನೂ ಅವರ ಜೊತೆ ಸುತ್ತಿ ನೋಡಿ. ನಮ್ಮ ಜಿಲ್ಲೆಯ ಮೈದಾನದ ಜಗಳಗಳಲ್ಲಿ ಅರ್ಧ ಸುಣ್ಣದ ಜಗಳ ಎಂದರೆ ತಪ್ಪಾಗಲಾರದು. ಶಾಲಾ ಕ್ರೀಡಾಕೂಟಗಳು ಬರುವುದೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಘಟ್ಟದ ಮೇಲೆ ಕೆಂಪು ಮಣ್ಣು ಕಲಸಿದ ಹಿಟ್ಟಿನಂತಾಗಿರುತ್ತದೆ. ಘಟ್ಟದ ಕೆಳಗೆ ಮರಳು ಮಿಶ್ರಿತ ನೆಲ, ಮೂರು ರೈಡ್ ಆಗುವಷ್ಟರಲ್ಲಿ ಗೆರೆ ಎಲ್ಲಿತ್ತೆಂಬುದು ಊಹೆಯ ಮಾತು. ಅಳಿಸಿದ ಮೂಲೆಯನ್ನು ಪಂದ್ಯಕ್ಕೆ ಮೊದಲೇ ಇಬ್ಬರಿಗೂ ತೋರಿಸಿ, ಮತ್ತೆ ಹಾಕಿಸಿ. ವಿರಾಮದಲ್ಲಿ ಇನ್ನೊಮ್ಮೆ ಹಾಕಿಸಿ. ಮಕ್ಕಳ ಕೈಯಲ್ಲಿ ಹಾಕಿಸಿದರೆ ಗೆರೆ ಸೊಟ್ಟಗಾಗುತ್ತದೆ ಎಂದು ಹಟ ಹಿಡಿದು ನಾನೇ ಬಗ್ಗಿ ಹಾಕುತ್ತಿದ್ದೆ. ಈಗ ಸೊಂಟ ಕೇಳುತ್ತದೆ.

ಇನ್ನು ಮಾತಿನ ವಿಷಯ. ಕನ್ನಡದಲ್ಲಿ ಜಗಳ ಯಾವಾಗ ಶುರುವಾಗುತ್ತದೆಂದು ತಿಳಿಯಲು ದನಿಯ ಏರಿಳಿತ ಗಮನಿಸಬೇಕಿಲ್ಲ, ಸರ್ವನಾಮ ಗಮನಿಸಿದರೆ ಸಾಕು. ‘ನೀವು’ ಹೋಗಿ ‘ನೀನು’ ಬಂತೆಂದರೆ ಗಂಟೆ ಬಾರಿಸಿತು. ಕೆಲವರು ‘ನೀವು’ ಬಿಡದೆಯೇ ಕ್ರಿಯಾಪದವನ್ನು ಮಾತ್ರ ಏಕವಚನಕ್ಕೆ ಇಳಿಸುತ್ತಾರೆ. ಅದು ಮೊದಲ ಗಂಟೆ. ನಿಮ್ಮಂಥ ಹರೆಯದ ಶಿಕ್ಷಕಿಯರಿಗೆ ಇನ್ನೊಂದು ಅಸ್ತ್ರ ಕಾದಿರುತ್ತದೆ, ‘ತಂಗಿ’ ಎನ್ನುವುದು. ‘ನೋಡು ತಂಗಿ, ನೀನು ಹುಟ್ಟುವ ಮೊದಲಿಂದ ನಾನು ಕಬಡ್ಡಿ ನೋಡಿದ್ದೇನೆ.’ ಮನೆಯಲ್ಲಿ ಎಷ್ಟು ಚೆಂದದ ಶಬ್ದ! ಅಂಕಣದ ಬದಿಯಲ್ಲಿ ಅದರ ಅರ್ಥ, ಈ ಸೀಟಿ ನಿನ್ನದಲ್ಲ ಎಂದು. ಇದಕ್ಕೆ ಸಿಟ್ಟಾಗಬೇಡಿ, ‘ತಂಗಿ ಎನ್ನಬೇಡಿ’ ಎಂದು ಪಾಠವನ್ನೂ ಹೇಳಬೇಡಿ. ನೀವು ಮಾತ್ರ ‘ತಾವು’, ‘ಸರ್’ ಬಿಟ್ಟು ಒಂದು ಮೆಟ್ಟಿಲು ಕೂಡ ಇಳಿಯಬೇಡಿ. ಎದುರಿನವರು ಏಕವಚನದಲ್ಲಿ, ನೀವು ಬಹುವಚನದಲ್ಲಿ ಎರಡು ನಿಮಿಷ ಮಾತಾಡಿದರೆ ಸುತ್ತ ನಿಂತವರಿಗೆ ಯಾರು ಎಲ್ಲಿದ್ದಾರೆಂಬುದು ಯಾರೂ ಹೇಳದೆ ತಿಳಿಯುತ್ತದೆ. ಬಹಳ ಸಲ ಪಾಲಕರಲ್ಲೇ ಒಬ್ಬರು ಬಂದು ಕೋಚ್‌ನ ತೋಳು ಹಿಡಿದು ಕರೆದೊಯ್ದದ್ದನ್ನು ಕಂಡಿದ್ದೇನೆ.

ನಿಮ್ಮ ಸಂಗತಿಯಲ್ಲಿ ಇದಕ್ಕೊಂದು ತೊಡಕಿದೆ. ಅವರು ನಿಮ್ಮ ಗುರುಗಳು, ಯಾವತ್ತೂ ‘ನೀನು’ ಎಂದೇ ಕರೆದವರು. ಅಂಥವರ ತಂಡದ ಪಂದ್ಯ ನಿಮಗೆ ಬಂತೆಂದು ತಿಳಿದ ಕೂಡಲೇ ಸಂಘಟಕರಿಗೆ ಹೇಳಿ, ಸಾಧ್ಯವಿದ್ದರೆ ಅಂಕಣ ಬದಲಿಸಿಕೊಳ್ಳಬೇಕು. ಸಾಧ್ಯವಾಗದಿರುವುದೇ ಹೆಚ್ಚು, ಅದೂ ಗೊತ್ತು. ಒಂದು ಶೈಕ್ಷಣಿಕ ಜಿಲ್ಲೆಯಲ್ಲಿ ಕಬಡ್ಡಿ ಬಲ್ಲ ಶಿಕ್ಷಕರು ಎಷ್ಟು ಮಂದಿ? ಬೆಳಿಗ್ಗೆ ಕೋಚ್, ಮಧ್ಯಾಹ್ನ ಅಂಪೈರ್, ಸಂಜೆ ಊಟದ ಉಸ್ತುವಾರಿ, ಎಲ್ಲ ಅವರೇ. ಹಾಗಿದ್ದರೆ ಎದುರು ತಂಡದ ಕೋಚ್‌ಗೆ ಮೊದಲೇ ‘ಇವರು ನನ್ನ ಗುರುಗಳು, ತಮ್ಮ ಗಮನಕ್ಕಿರಲಿ’ ಎಂದು ತಿಳಿಸಿಬಿಡಿ. ಈ ಒಂದು ವಾಕ್ಯ ಎರಡೂ ಕಡೆ ಕೆಲಸ ಮಾಡುತ್ತದೆ. ಗುರುಗಳಿಗೆ ನೀವು ಇಂದು ಶಿಷ್ಯೆಯಲ್ಲವೆಂದು ತಿಳಿಯುತ್ತದೆ. ಎದುರು ತಂಡದವರಿಗೆ ಆಮೇಲೆ ಎತ್ತಿ ಆಡಲು ಏನೂ ಉಳಿಯುವುದಿಲ್ಲ. ನಮ್ಮ ಕಡೆ ಎತ್ತಿ ಆಡುವವರು ಕಾರಣ ಹುಡುಕುವುದರಲ್ಲಿ ನಿಸ್ಸೀಮರು. ನನ್ನ ಮೇಲೆ ಒಮ್ಮೆ ಘಟ್ಟದ ಕೆಳಗಿನವನೆಂದು ಆರೋಪ ಬಂತು. ಅದೇ ವಾರ ಇನ್ನೊಂದು ಕಡೆ, ಹೆಂಡತಿಯ ಮನೆ ಘಟ್ಟದ ಮೇಲೆ ಎಂದು ಬಂತು.

ಅಮೆರಿಕದ ಬೇಸ್‌ಬಾಲ್ ಅಂಪೈರುಗಳಿಗೆ ನಾಲ್ಕು ಮೆಟ್ಟಿಲು ಕಲಿಸುತ್ತಾರೆ: ಬಿಟ್ಟುಬಿಡು, ಕೇಳಿಸಿತೆಂದು ತೋರಿಸು, ಎಚ್ಚರಿಸು, ಹೊರಗೆ ಕಳಿಸು. ನಮ್ಮ ಮೈದಾನಕ್ಕೂ ಇದು ಒಗ್ಗುತ್ತದೆ. ‘ಅಯ್ಯೋ, ಏನು ಅಂಪೈರ್ ಸಾಹೇಬರೇ!’ ಎಂದು ಒಂದು ಸಲ ಕೂಗಿದರೆ ಅದು ಗಾಳಿಗೆ ಹೋಗಲಿ. ಮೂವತ್ತು ಕಿಲೊಮೀಟರ್ ದೂರದಿಂದ, ಮಕ್ಕಳನ್ನು ಬೆಳಗಿನ ಐದಕ್ಕೆ ಎಬ್ಬಿಸಿ, ಎಷ್ಟೋ ಸಲ ಟೆಂಪೊ ಬಾಡಿಗೆಯನ್ನು ಸ್ವಂತ ಕಿಸೆಯಿಂದ ಕೊಟ್ಟು ಬಂದ ಮನುಷ್ಯ ಅವರು. ಒಂದು ಉದ್ಗಾರಕ್ಕೆ ಹಕ್ಕಿದೆ. ಕೇಳಿದ್ದು ಪ್ರಶ್ನೆಯಾದರೆ ಒಂದೇ ವಾಕ್ಯದಲ್ಲಿ ಉತ್ತರ ಕೊಡಿ. ಎರಡನೆಯ ವಾಕ್ಯ ಸೇರಿಸಿದಿರೋ ಅದು ಚರ್ಚೆಯಾಗುತ್ತದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ‘ಸರ್, ಕೇಳಿಸಿತು, ಉತ್ತರ ಹೇಳಿಯಾಯಿತು, ಮುಂದುವರಿದರೆ ಎಚ್ಚರಿಕೆ ಬರೆಸಬೇಕಾಗುತ್ತದೆ’ ಎನ್ನಿ. ನೇರವಾಗಿ ಕೊನೆಯ ಮೆಟ್ಟಿಲಿಗೆ ಹತ್ತಿಸುವಂಥವು ಕೆಲವು ಇವೆ: ಜಾತಿ ಎತ್ತುವುದು, ದುಡ್ಡು ತಿಂದಿದ್ದೀರಿ ಎನ್ನುವುದು, ಹೆಣ್ಣೆಂದು ಹೀಯಾಳಿಸುವುದು, ಮೈಮೇಲೆ ಕೈ ಹಾಕುವುದು. ಇವಕ್ಕೆ ಮೊದಲ ಮೂರು ಮೆಟ್ಟಿಲು ಇಲ್ಲ. ಸೀಟಿ ಊದಿ, ಸ್ಕೋರ್ ಹಾಳೆ ಕೈಗೆ ತೆಗೆದುಕೊಂಡು, ರೆಫರಿಯ ಮತ್ತು ಸಂಘಟಕರ ಬಳಿ ಹೋಗಿ ನಿಲ್ಲಿ. ಆ ಕೋಚ್ ಮೈದಾನದಿಂದ ಹೊರಗೆ ಹೋದ ಮೇಲೆಯೇ ಮುಂದಿನ ರೈಡ್.

ಯಕ್ಷಗಾನದಲ್ಲಿ ವೇಷಧಾರಿ ಅರ್ಥ ಹೇಳುತ್ತಾ ಹೇಳುತ್ತಾ ಪ್ರಸಂಗ ಬಿಟ್ಟು ಎಲ್ಲಿಗೋ ಹೋದಾಗ ಭಾಗವತರು ಏನು ಮಾಡುತ್ತಾರೆ? ವಾದಕ್ಕೆ ಇಳಿಯುವುದಿಲ್ಲ, ಮುಂದಿನ ಪದ ಎತ್ತುತ್ತಾರೆ. ಉತ್ತರ ಕೊಟ್ಟಾದ ಮೇಲೆ ನೀವು ಮಾಡಬೇಕಾದದ್ದೂ ಅದೇ. ತಿರುಗಿ, ಮುಂದಿನ ರೈಡ್‌ಗೆ ಸೀಟಿ ಊದುವುದು.

ಈಗ ಉತ್ತರ ಎಂದರೆ ಏನು ಎಂಬುದಕ್ಕೆ ಬರುತ್ತೇನೆ. ಇಲ್ಲಿ ನನ್ನದೇ ಒಂದು ಹಳೆಯ ತಪ್ಪನ್ನು ಹೇಳಬೇಕು. ವಾಲಿಬಾಲ್‌ನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಆಚೆ ಬಿದ್ದರೆ ಹಿಂದೆ ತಪ್ಪೆಂದು ಎಣಿಸುತ್ತಿದ್ದರು. 2000ದ ಆಸುಪಾಸಿನಲ್ಲಿ ನಿಯಮ ಬದಲಾಗಿ, ತಾಗಿದರೂ ಆಟ ಮುಂದುವರಿಯಬೇಕೆಂದಾಯಿತು. ಆ ಬದಲಾವಣೆ ಹೊಸದಾಗಿದ್ದಾಗ ಕರಾವಳಿಯ ಊರೊಂದರಲ್ಲಿ ಕಾಲೇಜು ಹುಡುಗರ ಹೊನಲು ಬೆಳಕಿನ ಪಂದ್ಯಕ್ಕೆ ನಾನು ಮೊದಲ ರೆಫರಿ. ಐದನೆಯ ಸೆಟ್. ಹುಡುಗನ ಸರ್ವ್ ಬಲೆಯನ್ನು ಸವರಿ ಆಚೆ ಬಿತ್ತು, ನಾನು ಹಳೆಯ ಅಭ್ಯಾಸದಲ್ಲಿ ಸೀಟಿ ಊದಿದೆ. ಅವನ ಕೋಚ್ ಬಂದು ನನ್ನ ಸ್ಟೂಲಿನ ಕೆಳಗೆ ನಿಂತು, ತೀರಾ ಮೆಲ್ಲಗೆ, ‘ಸರ್, ನಿಯಮ ಬದಲಾಗಿದೆ’ ಎಂದರು. ನಾನು ಮೇಲಿನಿಂದ, ಊರಿಗೆಲ್ಲ ಕೇಳುವಂತೆ, ‘ನಿಯಮ ನನಗೆ ಹೇಳಿಕೊಡಬೇಡಿ’ ಎಂದೆ. ಅವರ ಅಂಗಿಯ ಕಿಸೆಯಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಝೆರಾಕ್ಸ್ ಪ್ರತಿ ಇತ್ತು; ತೆಗೆದು ತೋರಿಸಿದರು, ನಾನು ನೋಡಲಿಲ್ಲ. ಅವರ ಹುಡುಗರು ಎರಡು ಅಂಕದಿಂದ ಸೋತರು. ಪಂದ್ಯ ಮುಗಿದ ಮೇಲೆ ಎಲ್ಲರಿಗೂ ಶಾಲೆಯ ಜಗಲಿಯಲ್ಲಿ ಊಟ. ಅವರು ಬಂದು ಆ ಝೆರಾಕ್ಸ್ ಹಾಳೆಯನ್ನು ನನ್ನ ಎಲೆಯ ಪಕ್ಕದಲ್ಲಿಟ್ಟು, ಏನೂ ಹೇಳದೆ ಹೋದರು. ಅಂದು ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅಂದಿನಿಂದ ಯಾವ ಕೋಚ್ ಬಂದರೂ ನನ್ನೊಳಗೆ ಮೊದಲು ಕೇಳಿಕೊಳ್ಳುವುದು ಒಂದನ್ನೇ: ಇವರು ನಾನು ಕಂಡದ್ದನ್ನು ಪ್ರಶ್ನಿಸುತ್ತಿದ್ದಾರೋ, ನಿಯಮವನ್ನು ಪ್ರಶ್ನಿಸುತ್ತಿದ್ದಾರೋ? ಕಾಲು ಮೊದಲೋ ಕೈ ಮೊದಲೋ ಎಂಬುದು ಕಂಡದ್ದು. ಅದರ ಮೇಲೆ ವಾದವಿಲ್ಲ. ‘ಕಾಲು ಮೊದಲು ಹೋದದ್ದನ್ನು ನಾನು ಕಂಡೆ’ ಎಂಬ ಒಂದು ವಾಕ್ಯ ಸಾಕು. ಆದರೆ ಎದುರು ಐದೇ ಜನ ಇದ್ದಾಗ, ಬೋನಸ್ ಗೆರೆ ದಾಟಿದಳೆಂದು ರೈಡರ್‌ಗೆ ಬೋನಸ್ ಅಂಕ ಕೊಟ್ಟರೆ ಅದು ನಿಯಮದ ತಪ್ಪು, ಬೋನಸ್‌ಗೆ ಅಂಕಣದಲ್ಲಿ ಕನಿಷ್ಠ ಆರು ಜನ ಬೇಕು. ಅಂಥಲ್ಲಿ ಕೋಚ್‌ಗೆ ಕೇಳುವ ಪೂರ್ತಿ ಹಕ್ಕಿದೆ. ನೀವು ನಿಂತು ಕೇಳಬೇಕು, ರೆಫರಿಯನ್ನು ಕರೆಯಬೇಕು, ತಪ್ಪಿದ್ದರೆ ಅಲ್ಲೇ ತಿದ್ದಬೇಕು. ನಿಯಮ ಎತ್ತಿದ ಕೋಚ್‌ನನ್ನು ಜಗಳಗಂಟ ಎಂದು ಕಂಡ ಅಂಪೈರುಗಳಿಂದಲೇ ಎಷ್ಟೋ ಜಗಳ ಹುಟ್ಟಿವೆ, ನನ್ನನ್ನೂ ಸೇರಿಸಿ. ವಯಸ್ಸಿನ ತಕರಾರು, ‘ಆ ಹುಡುಗಿ ಹದಿನಾಲ್ಕು ದಾಟಿದ್ದಾಳೆ’ ಎಂಬಂಥವು ಬಂದರೆ ಮಾತ್ರ ಒಂದು ಕ್ಷಣವೂ ನಿಲ್ಲದೆ ಸಂಘಟಕರತ್ತ ಕೈ ತೋರಿಸಿ. ಅದಕ್ಕೆ ಲಿಖಿತ ತಕರಾರು, ಶುಲ್ಕ, ಸಮಿತಿ ಇರುತ್ತದೆ. ಸೀಟಿ ಹಿಡಿದವರಿಗೆ ಅದರ ಗೊಡವೆ ಬೇಡ.

ನಿಮ್ಮದು ಕಂಡದ್ದರ ಪ್ರಶ್ನೆ. ಹಾಗಾದರೆ ಇನ್ನೊಬ್ಬ ಅಂಪೈರನ್ನು ಕೇಳಿದ್ದು ತಪ್ಪೇ? ಕೇಳಿದ್ದು ತಪ್ಪಲ್ಲ, ಕೇಳಿದ ಕ್ರಮ ತಪ್ಪು. ಅನುಮಾನವಿದ್ದರೆ ಕೈ ಎತ್ತುವ ಮೊದಲು ಎದುರು ಬದಿಯ ಅಂಪೈರ್‌ನ ಮುಖ ನೋಡಬೇಕು. ಇಬ್ಬರ ಅಭಿಪ್ರಾಯ ಬೇರೆಯಾದರೆ ತೀರ್ಮಾನಿಸಲು ಕಬಡ್ಡಿಯಲ್ಲಿ ರೆಫರಿ ಇದ್ದಾರೆ. ಕೈ ಎತ್ತಿದ ಮೇಲೆ ಅನುಮಾನ ಬಂದರೂ, ಮುಂದಿನ ರೈಡ್ ಶುರುವಾಗುವ ಮೊದಲು ತಿದ್ದಿಕೊಳ್ಳುವುದರಲ್ಲಿ ನನ್ನ ಮಟ್ಟಿಗೆ ಅವಮಾನವಿಲ್ಲ. ಕ್ರಿಕೆಟ್ ನಿಯಮವೂ ಕೊಟ್ಟ ತೀರ್ಪನ್ನು ತಡಮಾಡದೆ ಬದಲಿಸಲು ಅಂಪೈರ್‌ಗೆ ಅವಕಾಶ ಕೊಡುತ್ತದೆ. ಆದರೆ ಕೋಚ್ ಅಂಕಣದೊಳಗೆ ನಿಂತು ಕೂಗುತ್ತಿರುವಾಗ ನೀವು ಸಹೋದ್ಯೋಗಿಯ ಬಳಿ ಹೋದರೆ, ತೀರ್ಪು ಬದಲಾದರೂ ಆಗದಿದ್ದರೂ, ನೋಡುವವರ ಕಣ್ಣಿಗೆ ಅದು ಕೂಗಿನಿಂದ ಆದ ಕೆಲಸ. ಅಲ್ಲಿರುವ ಎಂಟು ಶಾಲೆಗಳ ಕೋಚ್‌ಗಳೂ ಅಂದು ಒಂದು ಪಾಠ ಕಲಿತು ಹೋಗುತ್ತಾರೆ. ಹಾಗಾಗಿ ಮೊದಲು ಸಮಯ ನಿಲ್ಲಿಸುವುದು, ಆಮೇಲೆ ‘ಸರ್, ತಾವು ಗೆರೆಯ ಆಚೆ ಹೋದ ಮೇಲೆ ನಾವು ಇಬ್ಬರೂ ಮಾತಾಡಿಕೊಳ್ಳುತ್ತೇವೆ’ ಎನ್ನುವುದು, ಅವರು ಹೋಗುವವರೆಗೆ ಸುಮ್ಮನೆ ನಿಲ್ಲುವುದು. ಆ ಸುಮ್ಮನಿರುವಿಕೆ ಬಹಳ ಕಷ್ಟ. ಅರ್ಧ ನಿಮಿಷ ಅರ್ಧ ಗಂಟೆಯಂತೆ ಕಾಣುತ್ತದೆ. ಸೀಟಿಯನ್ನು ಬಾಯಿಂದ ತೆಗೆದು, ಕೈಗಳನ್ನು ಕೆಳಗಿಟ್ಟು, ಎದುರುಬದುರು ನಿಲ್ಲದೆ ಓರೆಯಾಗಿ ನಿಲ್ಲಿ. ಬೆರಳು ತೋರಿಸಬೇಡಿ. ಅವರು ಹಿಂಬಾಲಿಸಿ ಬರುವ ಸ್ವಭಾವದವರಾದರೆ ಸ್ಕೋರರ್ ಮೇಜಿನತ್ತ ನಿಧಾನ ನಡೆಯಿರಿ. ಅವರು ಬೈಯುತ್ತಲೇ ಹಿಂದೆ ಬರುತ್ತಾರೆ, ಅಷ್ಟರಲ್ಲಿ ಮಕ್ಕಳಿಂದ ಹತ್ತು ಗಜ ದೂರವಾಗಿರುತ್ತದೆ.

ವಿಡಿಯೊ ನೋಡಲಿಲ್ಲವಲ್ಲ, ಅದು ಅಂದು ನೀವು ಮಾಡಿದ ಅತ್ಯುತ್ತಮ ಕೆಲಸ. ಒಬ್ಬರ ಮೊಬೈಲ್ ನೋಡಿದರೆ ಸಂಜೆಯವರೆಗೂ ಎಲ್ಲರ ಮೊಬೈಲ್ ನೋಡುತ್ತಾ ಕೂರಬೇಕು. ಮೂಲೆಯಿಂದ ಹಿಡಿದ ವಿಡಿಯೊದಲ್ಲಿ ಕೈಯೂ ಕಾಲೂ ಎಲ್ಲಿ ಬೇಕಾದರೂ ಇರಬಹುದು. ರಾತ್ರಿ ನೋಡಿದ್ದು ಮನುಷ್ಯ ಸಹಜ. ಗುಂಪಿನಲ್ಲಿ ಉತ್ತರ ಬರೆಯಲು ಮಾತ್ರ ಹೋಗಬೇಡಿ.

ಕಾರ್ಡ್ ವಿಷಯ. ಕಬಡ್ಡಿಯಲ್ಲಿ ಹಸಿರು ಎಚ್ಚರಿಕೆಗೆ, ಹಳದಿ ಎರಡು ನಿಮಿಷ ಹೊರಗಿಡಲು, ಕೆಂಪು ಪಂದ್ಯದಿಂದಲೇ ಕಳಿಸಲು. ಫುಟ್‌ಬಾಲ್‌ನಲ್ಲಿ 2019ರಿಂದ ಕೋಚ್‌ಗೂ ಕಾರ್ಡ್ ತೋರಿಸುತ್ತಾರೆ. ಬೆಂಚಿನಲ್ಲಿ ಕೂಗಿದವರು ಯಾರೆಂದು ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ತೋರಿಸುತ್ತಾರೆ. ನನಗೆ ಬಹಳ ಮೆಚ್ಚುಗೆಯಾದ ನಿಯಮ ಅದು. ವಾಲಿಬಾಲ್‌ನಲ್ಲಿ ಕೋಚ್ ಒರಟಾಗಿ ನಡೆದುಕೊಂಡು ಕೆಂಪು ಕಾರ್ಡ್ ಪಡೆದರೆ ಎದುರು ತಂಡಕ್ಕೆ ಒಂದು ಅಂಕ, ಸರ್ವ್ ಎರಡೂ ಹೋಗುತ್ತವೆ. ದೊಡ್ಡವರ ಆಟದಲ್ಲಿ ಅದು ಸರಿ. ಹದಿಮೂರರ ಮಕ್ಕಳ ಪಂದ್ಯದಲ್ಲಿ ದೊಡ್ಡವರ ಬಾಯಿಗೆ ಮಕ್ಕಳು ದಂಡ ತೆರುವುದು ನನಗೆ ಹಿಡಿಸುವುದಿಲ್ಲ. ಆದ್ದರಿಂದ ಮೊದಲ ಎಚ್ಚರಿಕೆಯನ್ನು ಬೇಗ ಕೊಡುವವನು ನಾನು. ಅದರಿಂದ ಅಂಕ ಹೋಗುವುದಿಲ್ಲ. ನಿಮ್ಮ ಗುರುಗಳು ಎರಡು ಹೆಜ್ಜೆ ಒಳಗೆ ಬಂದ ಕ್ಷಣವೇ ರೆಫರಿಯನ್ನು ಕರೆದು ಎಚ್ಚರಿಕೆ ಬರೆಸಬೇಕಿತ್ತು. ಅಂದು ತಡವಾದದ್ದು ಅಲ್ಲಿ. ಕಾರ್ಡ್ ತೋರಿಸುವುದಾದರೆ ಎದೆಯ ಮಟ್ಟದಲ್ಲಿ, ಮಾತಿಲ್ಲದೆ, ಒಂದು ಕೈ ಅಂತರದಲ್ಲಿ. ಮುಖಕ್ಕೆ ಹಿಡಿದರೆ ಅದು ಬೇರೆಯೇ ಜಗಳ.

ತಂಡವನ್ನು ಹೊರಗೆ ಕರೆದಾಗ ಬೇಡಿಕೊಳ್ಳಬೇಡಿ, ಬೆದರಿಸಲೂ ಬೇಡಿ. ಗಡಿಯಾರ ನೋಡಿ, ಸಮಯ, ಅಂಕ, ಯಾರ ರೈಡ್ ಬಾಕಿ ಎಂಬುದನ್ನು ಸ್ಕೋರ್ ಹಾಳೆಯಲ್ಲಿ ಬರೆಸಿ. ಎದುರು ತಂಡದ ಮಕ್ಕಳಿಗೆ ನೀರು ಕುಡಿಯಲು ಹೇಳಿ, ಅವರು ಒದ್ದೆ ಅಂ‌ಗಿಯಲ್ಲಿ ನಿಂತು ನಡುಗುತ್ತಿರುತ್ತಾರೆ. ಪಂದ್ಯ ಬಿಟ್ಟುಕೊಟ್ಟರೆಂದು ಘೋಷಿಸುವ ಕೆಲಸ ಸಂಘಟಕರದು, ನಿಮ್ಮದಲ್ಲ.

ಕ್ಯಾಪ್ಟನ್ ಮೂಲಕ ಮಾತಾಡಬೇಕೆಂದು ವಾಲಿಬಾಲ್ ನಿಯಮ ಹೇಳುತ್ತದೆ, ತರಬೇತಿಗಳಲ್ಲೂ ಅದನ್ನೇ ಹೇಳುತ್ತಾರೆ. ಹೈಸ್ಕೂಲಿನ ದೊಡ್ಡ ಮಕ್ಕಳಿಗೆ, ಕಾಲೇಜಿನವರಿಗೆ ಸರಿ. ಐವತ್ತರ ಕೋಚ್‌ನ ಸಿಟ್ಟನ್ನು ಎಂಟನೆಯ ತರಗತಿಯ ಹುಡುಗಿಯ ತಲೆಯ ಮೇಲೆ ಹೊರಿಸಿ ಅತ್ತಿಂದಿತ್ತ ಓಡಾಡಿಸುವುದನ್ನು ನಾನು ಬಹಳ ಹಿಂದೆಯೇ ಬಿಟ್ಟೆ. ಸಣ್ಣವರ ಪಂದ್ಯದಲ್ಲಿ ಕ್ಯಾಪ್ಟನ್‌ನನ್ನು ಕರೆದು ತೀರ್ಪು ವಿವರಿಸುತ್ತೇನೆ, ಆದರೆ ಗೆರೆಯ ಆಚೆ ನಿಂತ ಕೋಚ್‌ಗೂ ಕೇಳುವಷ್ಟು ಗಟ್ಟಿಯಾಗಿ. ಹುಡುಗಿಗೆ ದೂತಳ ಕೆಲಸ ತಪ್ಪುತ್ತದೆ, ಕೋಚ್‌ಗೆ ಉತ್ತರ ಸಿಗುತ್ತದೆ, ನನಗೆ ಅವರ ಹತ್ತಿರ ಹೋಗುವ ಪ್ರಮೇಯ ಬರುವುದಿಲ್ಲ.

ನೀವು ಬರೆಯದ ಒಂದು ಸಂಗತಿ ನನಗೆ ಕಾಣುತ್ತದೆ. ಆ ರೈಡರ್ ಹುಡುಗಿ. ಗಲಾಟೆ ಮುಗಿದ ಮೇಲೆ ಅವಳಿಗೆ ಏನಾಯಿತು? ಸೋತ ಸಿಟ್ಟು ಅಂಪೈರ್ ಮೇಲೆ ತೀರದಿದ್ದಾಗ ಮಕ್ಕಳ ಕಡೆ ತಿರುಗುತ್ತದೆ. ಮೈದಾನದ ಹಿಂದೆ, ಟೆಂಪೊ ಪಕ್ಕದಲ್ಲಿ ಕಪಾಳಕ್ಕೆ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಕೋಚ್-ಮಕ್ಕಳ ಒಳಗಿನ ವಿಷಯವೆಂದು ಮುಖ ತಿರುಗಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅಂಪೈರ್ ಆಗಿಯಲ್ಲದಿದ್ದರೆ ಶಿಕ್ಷಕಿಯಾಗಿಯಾದರೂ ಹೋಗಿ ಪಕ್ಕದಲ್ಲಿ ನಿಲ್ಲಿ. ನಿಂತರೆ ಸಾಕು, ಎತ್ತಿದ ಕೈ ಬಹುಮಟ್ಟಿಗೆ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಸಂಘಟಕರಿಗೆ ಬರೆದು ಕೊಡಿ.

ಹೊರಬರುವ ಮಾತಿಗೆ ಬರುತ್ತೇನೆ. ಅಮೆರಿಕದ ಪ್ರೌಢಶಾಲಾ ಕ್ರೀಡೆಗಳಲ್ಲಿ 2018–19ರ ನಂತರದ ಮೂರು ವರ್ಷಗಳಲ್ಲಿ ಸುಮಾರು 50,000 ಅಂಪೈರುಗಳು ಕೆಲಸ ಬಿಟ್ಟರೆಂದು ಅಲ್ಲಿನ ಒಕ್ಕೂಟವೇ ಹೇಳಿದೆ. ಕೋವಿಡ್ ಕಾಲವೂ ಅದರಲ್ಲಿ ಸೇರಿತ್ತು. ಆದರೆ ಕೋಚ್‌ಗಳು ಮತ್ತು ಪಾಲಕರ ಬಾಯಿ ಕೂಡ ದೊಡ್ಡ ಕಾರಣವೆಂದು ಅಲ್ಲಿಯವರೇ ಒಪ್ಪುತ್ತಾರೆ. ಅಲ್ಲಿ ಬಿಟ್ಟವರ ಜಾಗಕ್ಕೆ ದುಡ್ಡು ಕೊಟ್ಟು ಇನ್ನೊಬ್ಬರನ್ನು ಹುಡುಕುತ್ತಾರೆ. ನೀವು ಬಿಟ್ಟರೆ ನಿಮ್ಮ ತಾಲೂಕಿನ ಬಾಲಕಿಯರ ಪಂದ್ಯಕ್ಕೆ ಯಾರು ಬರುತ್ತಾರೆಂದು ನೆನೆಯಿರಿ. ಮಧ್ಯಾಹ್ನದ ಊಟದ ಲೆಕ್ಕ ಬರೆಯುತ್ತಿದ್ದ ಯಾರನ್ನೋ ಎಬ್ಬಿಸಿ ಸೀಟಿ ಕೊಡುತ್ತಾರೆ. ಹೆಣ್ಣುಮಕ್ಕಳ ಕಬಡ್ಡಿಗೆ ಸ್ವತಃ ಆಡಿದ ಹೆಂಗಸೊಬ್ಬಳು ಅಂಪೈರ್ ಆಗಿ ಸಿಗಲು ನಮ್ಮ ಕಡೆ ಬಹಳ ವರ್ಷ ಬೇಕಾಯಿತು.

ಕೊನೆಯದಾಗಿ ಗುರುಗಳು. ಅವರ ಮನೆಗೆ ಹೋಗಿ, ಫೋನಿನಲ್ಲಿ ಬೇಡ. ಎರಡು ಮಾತು ಹೇಳಿ. ಒಂದು, ‘ಸರ್, ಅಂದು ಕೈ ತಾಗಿದ್ದು ಮೊದಲೆಂದು ಆಮೇಲೆ ನನಗೆ ಅನ್ನಿಸಿತು.’ ಇನ್ನೊಂದು, ‘ತಾವು ಅಂಕಣದೊಳಗೆ ಬಂದು ಆ ಮಾತು ಆಡಬಾರದಿತ್ತು.’ ಇವೆರಡರ ನಡುವೆ ‘ಆದರೆ’ ಹಾಕಬೇಡಿ. ಹಾಕಿದರೆ ಮೊದಲ ವಾಕ್ಯ ಸುಳ್ಳಾಗುತ್ತದೆ, ಎರಡನೆಯದು ಸೇಡಿನಂತೆ ಕೇಳಿಸುತ್ತದೆ. ಒಂದು ಹೇಳಿ, ಚಹಾ ಬರುವವರೆಗೆ ಸುಮ್ಮನಿದ್ದು, ಇನ್ನೊಂದು ಹೇಳಿ. ಅವರು ಏನೆನ್ನುತ್ತಾರೋ ಎನ್ನಲಿ. ಆ ಹುಡುಗಿಯ ಹೆಸರು ಕೇಳಿಕೊಂಡು ಬನ್ನಿ. ಅವಳು ಈ ವರ್ಷವೂ ಆಡುತ್ತಿರಬಹುದು, ನಿಮ್ಮ ಅಂಕಣಕ್ಕೇ ಬರಬಹುದು. ಮುಂದಿನ ಪಂದ್ಯಕ್ಕೆ ಹೊರಡುವಾಗ ಚೀಲದಲ್ಲಿ ಎರಡು ಕಿಲೊ ಸುಣ್ಣದ ಪುಡಿ ಹಾಕಿಕೊಳ್ಳಿ. ಸಂಘಟಕರು ತಂದದ್ದು ಮಧ್ಯಾಹ್ನದೊಳಗೆ ಮುಗಿದಿರುತ್ತದೆ.